ಆಪರೇಷನ್ ಆಯಿತು, ಈ ಕಿಡ್ನಿ ಎಷ್ಟು ವರ್ಷ ಬಾಳುತ್ತದೆ?

2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ದಾನಿಯೊಬ್ಬರ ಯಕೃತ್ತನ್ನು ನಮ್ಮ ಮೆಟ್ರೋದಲ್ಲಿ ಸಾಗಿಸಿದರು. ಜೀರೋ ಟ್ರಾಫಿಕ್‌ನಲ್ಲಿ ಓಡುವ ಆಂಬುಲೆನ್ಸ್‌ಗಳನ್ನಂತೂ ನಾವು ವರ್ಷಗಳಿಂದ ಟಿವಿಯಲ್ಲಿ ನೋಡುತ್ತಿದ್ದೇವೆ. ಪೆಟ್ಟಿಗೆ ಆಸ್ಪತ್ರೆಯ ಬಾಗಿಲು ದಾಟಿದರೆ ಸುದ್ದಿ ಮುಗಿಯಿತು. ಕಸಿ ಮಾಡಿಸಿಕೊಂಡವರ ಮನೆಯಲ್ಲಿ ಮಾತ್ರ ಪ್ರಶ್ನೆಗಳು ಹುಟ್ಟಿಕೊಳ್ಳುವುದು ಆಮೇಲೆ. ಈ ಕಿಡ್ನಿ ಎಷ್ಟು ವರ್ಷ ಬರುತ್ತದೆ? ಒಬ್ಬರಿಗೆ ಇಪ್ಪತ್ತು ವರ್ಷ ಕಳೆದರೂ ಚೆನ್ನಾಗಿದೆಯಂತೆ, ಇನ್ನೊಬ್ಬರಿಗೆ ಎರಡೇ ವರ್ಷಕ್ಕೆ ಹೋಯಿತಂತೆ, ಯಾಕೆ ಹೀಗೆ? ಮಾತ್ರೆ ಜೀವನಪೂರ್ತಿ ಬೇಕೇ ಬೇಕಾ?

ಅತಿ ಹೆಚ್ಚು ಕಸಿಯಾಗುವ ಅಂಗ ಕಿಡ್ನಿ. ಹಾಗಾಗಿ ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ. ಬೇರೆ ಅಂಗಗಳ ವಿಷಯ ಕೊನೆಯ ಹೊತ್ತಿಗೆ ಬರುತ್ತದೆ.

ಲೆಕ್ಕ ಎರಡು

ವೈದ್ಯರು ಕಸಿಯ ಫಲಿತಾಂಶವನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಕಸಿ ಮಾಡಿದ ಅಂಗ ಎಷ್ಟು ಕಾಲ ಕೆಲಸ ಮಾಡಿತು ಎಂಬುದು ಒಂದು ಲೆಕ್ಕ, ರೋಗಿ ಎಷ್ಟು ಕಾಲ ಬದುಕಿದರು ಎಂಬುದು ಇನ್ನೊಂದು. ಕಿಡ್ನಿಯ ವಿಷಯದಲ್ಲಿ ಇವೆರಡೂ ಬೇರೆ ಬೇರೆ. ಹೊಸ ಕಿಡ್ನಿ ಸೋತರೆ ರೋಗಿ ಮತ್ತೆ ಡಯಾಲಿಸಿಸ್‌ಗೆ ಹೋಗಬಹುದು, ಜೀವ ಉಳಿಯುತ್ತದೆ. ಹೃದಯಕ್ಕೋ ಯಕೃತ್ತಿಗೋ ಅಂಥ ದೀರ್ಘಕಾಲದ ಆಸರೆ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಅಂಗ ಸೋಲುವುದೂ ಜೀವಕ್ಕೆ ಅಪಾಯ ಬರುವುದೂ ಹೆಚ್ಚುಕಡಿಮೆ ಒಟ್ಟಿಗೇ.

ಇದರ ಇನ್ನೊಂದು ಮುಖ ಬಹಳ ಮಂದಿಗೆ ಗೊತ್ತಿಲ್ಲ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಹೃದಯಾಘಾತದಿಂದಲೋ ಸೋಂಕಿನಿಂದಲೋ ಕ್ಯಾನ್ಸರಿನಿಂದಲೋ ರೋಗಿ ತೀರಿಕೊಳ್ಳುವುದುಂಟು. ದೊಡ್ಡ ಅಂಕಿಅಂಶಗಳಲ್ಲಿ ಕಳೆದುಹೋದ ಕಿಡ್ನಿಗಳ ಗಣನೀಯ ಪಾಲು ಹೀಗೆ ಹೋದವು. ಕಿಡ್ನಿ ಉಳಿಸಿಕೊಳ್ಳುವ ಚಿಂತೆಯಲ್ಲಿ ಹೃದಯವನ್ನು ಮರೆಯಬಾರದು ಎನ್ನುವುದು ಇದಕ್ಕೇ.

ಈಗ ಅಂಕಿಗಳು. ಒಳ್ಳೆಯ ಕೇಂದ್ರಗಳಲ್ಲಿ ಕಸಿಯಾದ ಒಂದು ವರ್ಷದ ಬಳಿಕ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಿಡ್ನಿಗಳು ಕೆಲಸ ಮಾಡುತ್ತಿರುತ್ತವೆ. ದೂರದ ಲೆಕ್ಕಕ್ಕೆ ಅಮೆರಿಕದ ಅಂಕಿಗಳನ್ನು ನೋಡಬಹುದು: ಕಳೆದ ದಶಕದಲ್ಲಿ ಅಲ್ಲಿ ಆದ ಕಸಿಗಳಲ್ಲಿ ಮೃತ ದಾನಿಯ ಕಿಡ್ನಿಗಳ ಪೈಕಿ ಅರ್ಧದಷ್ಟು ಸುಮಾರು 12 ವರ್ಷ ದಾಟುತ್ತವೆ, ಜೀವಂತ ದಾನಿಯ ಕಿಡ್ನಿಗಳಲ್ಲಿ ಅರ್ಧದಷ್ಟು ಸುಮಾರು 19 ವರ್ಷ ದಾಟುತ್ತವೆ ಎಂದು ಅಂದಾಜಿಸಲಾಗಿದೆ. 12 ವರ್ಷಕ್ಕೆ ಕಿಡ್ನಿಯ ಅವಧಿ ಮುಗಿಯುತ್ತದೆ ಎಂದು ಇದನ್ನು ಓದಿಕೊಳ್ಳಬೇಡಿ. ಅರ್ಧ ಕಿಡ್ನಿಗಳು ಅದಕ್ಕೂ ಮೊದಲು ಸೋಲುತ್ತವೆ, ಉಳಿದರ್ಧ ಅದರಾಚೆಗೂ ನಡೆಯುತ್ತವೆ. ನಿಮ್ಮ ಮನೆಯವರ ಕಿಡ್ನಿ ಯಾವ ಅರ್ಧದಲ್ಲಿ ಸೇರುತ್ತದೆ ಎಂಬುದನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಕೆಲವು ಆಪರೇಷನ್‌ಗೆ ಮೊದಲೇ ನಿಗದಿಯಾಗಿರುತ್ತವೆ. ಉಳಿದವು ಆಮೇಲಿನ ವರ್ಷಗಳಲ್ಲಿ, ಮನೆಯಲ್ಲೇ ನಿಗದಿಯಾಗುತ್ತವೆ.

ಬೇರೆಯವರ ಅಂಗ ದೇಹಕ್ಕೆ ಯಾಕೆ ಒಗ್ಗುವುದಿಲ್ಲ?

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಅವಳಿ ಸಹೋದರರಲ್ಲಿ ಒಬ್ಬರ ಕಿಡ್ನಿಯನ್ನು ಇನ್ನೊಬ್ಬರಿಗೆ ಕಸಿ ಮಾಡಿದರು. ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅದು. ಆ ಹೆರಿಕ್ ಸಹೋದರರು ತದ್ರೂಪಿ ಅವಳಿಗಳು, ಹಾಗಾಗಿ ಬಂದ ಕಿಡ್ನಿಯನ್ನು ದೇಹ ಹೊರಗಿನದೆಂದು ಗುರುತಿಸಲೇ ಇಲ್ಲ. ಇಂದಿನ ಔಷಧಗಳು ಯಾವುವೂ ಇಲ್ಲದ ಆ ಕಾಲದಲ್ಲಿ ರೋಗಿ ಎಂಟು ವರ್ಷ ಬದುಕಿದರು. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು.

ನಮ್ಮ ಬಹುತೇಕ ಎಲ್ಲ ಜೀವಕೋಶಗಳ ಮೇಲ್ಮೈಯಲ್ಲಿ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿರುತ್ತವೆ. ಇದು ನನ್ನದೇ ಕೋಶ ಎಂದು ರೋಗನಿರೋಧಕ ವ್ಯವಸ್ಥೆಗೆ ತಿಳಿಯುವುದು ಇವುಗಳಿಂದ. ಒಂದು ಜೊತೆ ತಾಯಿಯಿಂದ, ಒಂದು ಜೊತೆ ತಂದೆಯಿಂದ ಬರುತ್ತದೆ. ಆದ್ದರಿಂದ ತಂದೆ ಅಥವಾ ತಾಯಿಗೂ ಮಕ್ಕಳಿಗೂ ಅರ್ಧ ಹೊಂದಾಣಿಕೆ ಇದ್ದೇ ಇರುತ್ತದೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು, ಅರ್ಧ ಹೊಂದುವ ಸಂಭವ ನಾಲ್ಕರಲ್ಲಿ ಎರಡು, ಏನೂ ಹೊಂದದಿರುವ ಸಂಭವ ನಾಲ್ಕರಲ್ಲಿ ಒಂದು. ಹೊಂದಾಣಿಕೆ ಹೆಚ್ಚಿದ್ದಷ್ಟೂ ಕಿಡ್ನಿ ಹೆಚ್ಚು ಕಾಲ ಬಾಳುವ ಸಾಧ್ಯತೆ.

ಆದರೆ ಹೊಂದಾಣಿಕೆಯೇ ಎಲ್ಲ ಅಲ್ಲ. ಗಂಡ ಹೆಂಡತಿಗೆ ರಕ್ತಸಂಬಂಧವಿಲ್ಲ, ಎಚ್‌ಎಲ್‌ಎ ಹೊಂದುವುದು ಅಪರೂಪ. ಆದರೂ ಸಂಗಾತಿ ಕೊಟ್ಟ ಕಿಡ್ನಿ, ಇದಕ್ಕಿಂತ ಚೆನ್ನಾಗಿ ಹೊಂದಿದ ಮೃತ ದಾನಿಯ ಕಿಡ್ನಿಗಿಂತಲೂ ಚೆನ್ನಾಗಿ ಬಾಳುತ್ತದೆ ಎಂಬುದು 1990ರ ದಶಕದಲ್ಲೇ ದೊಡ್ಡ ಅಧ್ಯಯನಗಳಿಂದ ತಿಳಿಯಿತು. ಕಾರಣ ಸರಳ: ಆರೋಗ್ಯವಂತ ಮನುಷ್ಯನಿಂದ ತೆಗೆದು ತಕ್ಷಣವೇ ಜೋಡಿಸಿದ ಕಿಡ್ನಿಗೆ ಪೆಟ್ಟು ಬಿದ್ದಿರುವುದಿಲ್ಲ. ‘ಮ್ಯಾಚ್ ಕಡಿಮೆ ಬಂತು’ ಎಂದು ಕಂಗೆಡುವ ಕುಟುಂಬಗಳಿಗೆ ಇದು ಗೊತ್ತಿರಬೇಕು.

ಹೊಂದಾಣಿಕೆಗಿಂತ ತುರ್ತಾದ ಪರೀಕ್ಷೆ ಕ್ರಾಸ್‌ಮ್ಯಾಚ್. ದಾನಿಯ ಕೋಶಗಳನ್ನೂ ರೋಗಿಯ ರಕ್ತದ ಸೀರಮ್ಮನ್ನೂ ಕೂಡಿಸಿ, ರೋಗಿಯಲ್ಲಿ ಆ ದಾನಿಯ ವಿರುದ್ಧ ಮೊದಲೇ ಪ್ರತಿಕಾಯಗಳು (ಹೊರಗಿನದನ್ನು ಎದುರಿಸಲು ದೇಹ ಮಾಡಿಕೊಳ್ಳುವ ಪ್ರೋಟೀನುಗಳು) ತಯಾರಾಗಿವೆಯೇ ಎಂದು ನೋಡುತ್ತಾರೆ. 1969ರಲ್ಲಿ ಪಟೇಲ್ ಮತ್ತು ತೆರಸಾಕಿ ಎಂಬ ವಿಜ್ಞಾನಿಗಳು ಇದರ ಮಹತ್ವವನ್ನು ತೋರಿಸಿಕೊಟ್ಟರು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದೂ ಕಸಿಯಾದ 30 ಮಂದಿಯಲ್ಲಿ 24 ಮಂದಿಯ ಕಿಡ್ನಿ ತಕ್ಷಣವೇ ಕೆಟ್ಟಿತ್ತು. ನೆಗೆಟಿವ್ ಇದ್ದ 195 ಮಂದಿಯಲ್ಲಿ ಹಾಗಾದದ್ದು 8 ಮಂದಿಗೆ ಮಾತ್ರ. ಅಂದಿನಿಂದ ಈ ಪರೀಕ್ಷೆ ಇಲ್ಲದೆ ಕಸಿ ನಡೆಯುವುದಿಲ್ಲ.

ಈ ಪ್ರತಿಕಾಯಗಳು ಎಲ್ಲಿಂದ ಬರುತ್ತವೆ? ಮೂರು ದಾರಿಗಳಿಂದ: ಹಿಂದೆ ಏರಿಸಿಕೊಂಡ ರಕ್ತ, ಹಿಂದೆ ಆದ ಕಸಿ, ಮತ್ತು ಗರ್ಭ. ಬಸಿರಿನಲ್ಲಿ ತಾಯಿಯ ದೇಹ ಮಗುವಿನ ಮೂಲಕ ತಂದೆಯ ಎಚ್‌ಎಲ್‌ಎಗಳನ್ನು ಕಾಣುತ್ತದೆ, ಅವುಗಳ ವಿರುದ್ಧ ಪ್ರತಿಕಾಯ ಮಾಡಿಕೊಳ್ಳಬಹುದು. ಗಂಡ ಕಿಡ್ನಿ ಕೊಡಲು ಮುಂದೆ ಬಂದಾಗ, ಮಕ್ಕಳಾಗಿರುವ ಹೆಂಡತಿಗೆ ಅದು ಹೊಂದದೆ ಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಡಯಾಲಿಸಿಸ್‌ನಲ್ಲಿರುವವರಿಗೆ ರಕ್ತ ಕಡಿಮೆಯಾದರೆ ಸಾಧ್ಯವಿದ್ದಷ್ಟೂ ರಕ್ತ ಏರಿಸದೆ, ದೇಹವೇ ರಕ್ತಕಣ ಮಾಡಿಕೊಳ್ಳುವಂತೆ ಪ್ರಚೋದಿಸುವ ಎರಿತ್ರೋಪೊಯಿಟಿನ್ ಇಂಜೆಕ್ಷನ್ ಮತ್ತು ಕಬ್ಬಿಣಾಂಶ ಕೊಡುವುದರ ಹಿಂದೆಯೂ ಈ ಲೆಕ್ಕವಿದೆ. ಮುಂದೆ ಕಸಿ ಮಾಡಿಸುವ ಯೋಚನೆ ಇರುವವರು ರಕ್ತ ಏರಿಸುವ ಮಾತು ಬಂದಾಗ ಈ ವಿಷಯವನ್ನು ವೈದ್ಯರ ಬಳಿ ಎತ್ತುವುದು ಒಳ್ಳೆಯದು.

ರಕ್ತದ ಗುಂಪು ಹೊಂದದಿದ್ದರೂ ಈಗ ಕಸಿ ಸಾಧ್ಯ. ಪ್ಲಾಸ್ಮಾ ಬದಲಿಸಿ, ಪ್ರತಿಕಾಯಗಳನ್ನು ತಗ್ಗಿಸಿ ಮಾಡುತ್ತಾರೆ. ಖರ್ಚು ಹೆಚ್ಚು, ಸೋಂಕಿನ ಭಯವೂ ಸ್ವಲ್ಪ ಹೆಚ್ಚು. ಇನ್ನೊಂದು ದಾರಿ ವಿನಿಮಯ ಕಸಿ: ಹೊಂದದ ಎರಡು ಜೋಡಿಗಳು ತಮ್ಮ ದಾನಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹತ್ತಿರದ ಬಂಧುಗಳ ನಡುವೆ ಇದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿದೆ.

ಅಂಗ ಬಂದ ದಾರಿ

ಮೃತ ದಾನಿ ಎಂದರೆ ಸಾಮಾನ್ಯವಾಗಿ ಮೆದುಳು ನಿಷ್ಕ್ರಿಯಗೊಂಡವರು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಕರ್ನಾಟಕದಲ್ಲಿ ಅಂಗ ಯಾರಿಗೆ ಹೋಗಬೇಕು ಎಂಬುದನ್ನು ಜೀವಸಾರ್ಥಕತೆ ಸಂಸ್ಥೆ ಕಾಯುವವರ ಪಟ್ಟಿಯ ಪ್ರಕಾರ ನೋಡಿಕೊಳ್ಳುತ್ತದೆ.

ಮೆದುಳು ನಿಂತಾಗ ದೇಹದಲ್ಲಿ ಬಿಪಿ ಏರಿಳಿಯುತ್ತದೆ, ಹಾರ್ಮೋನುಗಳ ಸಮತೋಲ ತಪ್ಪುತ್ತದೆ, ಉರಿಯೂತ ಹೆಚ್ಚುತ್ತದೆ. ಅಂಗ ಹೊರಬರುವ ಮೊದಲೇ ಅದಕ್ಕೆ ಒಂದಿಷ್ಟು ಪೆಟ್ಟು ಬಿದ್ದಿರುತ್ತದೆ. ಆಮೇಲೆ ಅದನ್ನು ವಿಶೇಷ ದ್ರವದಿಂದ ತೊಳೆದು ಸುಮಾರು 4 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ರಕ್ತ ಹರಿಯದ ಈ ತಂಪಿನ ಅವಧಿ ಉದ್ದವಾದಷ್ಟೂ ಕೋಶಗಳು ಸೊರಗುತ್ತವೆ. ಹೃದಯಕ್ಕೆ ಸುಮಾರು 4 ಗಂಟೆ, ಶ್ವಾಸಕೋಶಕ್ಕೆ 6 ಗಂಟೆ, ಯಕೃತ್ತಿಗೆ 8ರಿಂದ 12 ಗಂಟೆ, ಕಿಡ್ನಿಗೆ 24 ಗಂಟೆಯ ಆಸುಪಾಸು. ಜೀರೋ ಟ್ರಾಫಿಕ್, ಮೆಟ್ರೋ, ಹೆಲಿಕಾಪ್ಟರ್ ಎಲ್ಲವೂ ಈ ಗಂಟೆಗಳನ್ನು ಉಳಿಸುವುದಕ್ಕೆ.

ಕಿಡ್ನಿಗೆ 24 ಗಂಟೆ ಇದೆಯಲ್ಲ ಎಂದು ನಿಧಾನಿಸುವಂತಿಲ್ಲ. ತಡವಾದ ಕಿಡ್ನಿ ಜೋಡಿಸಿದ ತಕ್ಷಣ ಕೆಲಸ ಶುರುಮಾಡದೆ ಇರಬಹುದು, ಮೊದಲ ವಾರದಲ್ಲೇ ರೋಗಿಗೆ ಮತ್ತೆ ಡಯಾಲಿಸಿಸ್ ಬೇಕಾಗಬಹುದು. ಮನೆಯವರು ಆಗ ‘ಕಸಿ ಫೇಲ್ ಆಯಿತು’ ಎಂದು ಕುಸಿದುಬಿಡುತ್ತಾರೆ. ಬಹುತೇಕ ಕಿಡ್ನಿಗಳು ದಿನಗಳಲ್ಲಿ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಹೀಗೆ ತಡವಾಗಿ ಎಚ್ಚೆತ್ತ ಕಿಡ್ನಿಗೆ ಮುಂದೆ ರಿಜೆಕ್ಷನ್ ಆಗುವ, ಅಂದರೆ ದೇಹ ಅದನ್ನು ಹೊರಗಿನದೆಂದು ತಿರಸ್ಕರಿಸುವ ಸಾಧ್ಯತೆ ಸ್ವಲ್ಪ ಹೆಚ್ಚು.

ದಾನಿಯ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆಯೂ ಮುಖ್ಯ. ಒಂದು ಕಿಡ್ನಿಯಲ್ಲಿ ಹುಟ್ಟುವಾಗ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನುಗಳು, ಅಂದರೆ ರಕ್ತ ಸೋಸುವ ಸೂಕ್ಷ್ಮ ಘಟಕಗಳು ಇರುತ್ತವೆ. ವಯಸ್ಸಾದಂತೆ ಕಳೆದುಹೋದವು ಮರಳಿ ಹುಟ್ಟುವುದಿಲ್ಲ. ಅರವತ್ತೈದರ ದಾನಿಯ ಕಿಡ್ನಿಯಲ್ಲಿ ಮೂವತ್ತರ ದಾನಿಯ ಕಿಡ್ನಿಯಲ್ಲಿರುವಷ್ಟು ಮೀಸಲು ಇರುವುದಿಲ್ಲ. ಆದರೂ ಡಯಾಲಿಸಿಸ್‌ನಲ್ಲೇ ಕಾಯುವುದಕ್ಕೆ ಹೋಲಿಸಿದರೆ ಅಂಥ ಕಿಡ್ನಿಯೂ ಅನೇಕರ ಆಯುಸ್ಸನ್ನು ಹೆಚ್ಚಿಸುತ್ತದೆ.

ರೋಗಿ ಜೊತೆಗೆ ತಂದದ್ದು

ಡಯಾಲಿಸಿಸ್‌ನಲ್ಲಿ ಕಳೆದ ಪ್ರತಿ ವರ್ಷವೂ ರಕ್ತನಾಳ ಮತ್ತು ಹೃದಯದ ಮೇಲೆ ಗುರುತು ಬಿಡುತ್ತದೆ. ಡಯಾಲಿಸಿಸ್ ಶುರುವಾಗುವ ಮೊದಲೇ ಅಥವಾ ಶುರುವಾದ ಸ್ವಲ್ಪ ಕಾಲದಲ್ಲೇ ಕಸಿಯಾದವರ ಫಲಿತಾಂಶ ಹೆಚ್ಚು ಒಳ್ಳೆಯದು. ಮನೆಯಲ್ಲಿ ದಾನಿ ಇದ್ದೂ ‘ಇನ್ನೊಂದು ವರ್ಷ ನೋಡೋಣ’ ಎಂದು ಮುಂದೂಡುವುದಕ್ಕೆ ಬೆಲೆ ಇದೆ.

ಮೊದಲ ಕಿಡ್ನಿಯನ್ನು ಕೆಡಿಸಿದ ಕಾಯಿಲೆ ಎರಡನೆಯದಕ್ಕೂ ಬರಬಹುದು. ಬಾಸ್ಟನ್‌ನಲ್ಲಿ ಕಿಡ್ನಿ ಪಡೆದ ಆ ಅವಳಿ ಸಹೋದರನಿಗೂ ಆದದ್ದು ಅದೇ: ಹೊಂದಾಣಿಕೆ ಪರಿಪೂರ್ಣವಾಗಿತ್ತು, ಮೂಲ ಕಾಯಿಲೆ ಹೊಸ ಕಿಡ್ನಿಯಲ್ಲಿ ಮರಳಿತು. ಎಫ್‌ಎಸ್‌ಜಿಎಸ್ ಎಂಬ ಕಿಡ್ನಿ ಕಾಯಿಲೆ ಕೆಲವರಲ್ಲಿ ಕಸಿಯಾದ ದಿನಗಳಲ್ಲೇ ಮರಳುವುದುಂಟು. ಐಜಿಎ ನೆಫ್ರೋಪತಿ ಎಂಬ ಇನ್ನೊಂದು ಕಿಡ್ನಿ ಕಾಯಿಲೆ ನಿಧಾನವಾಗಿ ಮರಳುತ್ತದೆ. ಪ್ರೈಮರಿ ಹೈಪರ್‌ಆಕ್ಸಲೂರಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ದೋಷ ಇರುವುದು ಯಕೃತ್ತಿನಲ್ಲಿ. ಅದನ್ನು ಗುರುತಿಸದೆ ಬರೀ ಕಿಡ್ನಿ ಕಸಿ ಮಾಡಿದರೆ ಹೊಸದೂ ಹಾಳಾಗುತ್ತದೆ. ಕಿಡ್ನಿ ಯಾಕೆ ಕೆಟ್ಟಿತು ಎಂಬ ಪ್ರಶ್ನೆಗೆ ಕಸಿಗೆ ಮೊದಲೇ ಉತ್ತರ ಹುಡುಕಲು ವೈದ್ಯರು ಒತ್ತಾಯ ಮಾಡುವುದು ಇದರಿಂದ.

ಮಾತ್ರೆ: ಎಲ್ಲಕ್ಕಿಂತ ದೊಡ್ಡ ಅಧ್ಯಾಯ

1960ರ ಮತ್ತು 70ರ ದಶಕಗಳಲ್ಲಿ ಮೃತ ದಾನಿಯ ಕಿಡ್ನಿ ಪಡೆದವರಲ್ಲಿ ಅರ್ಧದಷ್ಟು ಮಂದಿಯದು ವರ್ಷ ದಾಟುವುದೇ ಕಷ್ಟವಾಗಿತ್ತು. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಕಿಡ್ನಿ ಕಸಿ ಯಶಸ್ವಿಯಾದಾಗಲೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ರಿಜೆಕ್ಷನ್ ತಡೆಯಲು ಕೈಯಲ್ಲಿದ್ದದ್ದು ಮುಖ್ಯವಾಗಿ ಅಜಾಥಯೋಪ್ರಿನ್ ಮತ್ತು ಸ್ಟೀರಾಯ್ಡ್. ಚಿತ್ರ ಬದಲಾದದ್ದು ಸೈಕ್ಲೋಸ್ಪೋರಿನ್‌ನಿಂದ. ನಾರ್ವೆಯ ಹಾರ್ಡಂಗರ್‌ವಿಡ್ಡ ಎಂಬ ಪ್ರಸ್ಥಭೂಮಿಯ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಿಂದ ಬಂದ ಔಷಧ ಅದು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, ವರ್ಷ ದಾಟುವ ಕಿಡ್ನಿಗಳ ಪ್ರಮಾಣ ನೂರರಲ್ಲಿ ಸುಮಾರು ಎಂಬತ್ತಕ್ಕೆ ಏರಿತು. 1984ರಲ್ಲಿ ಜಪಾನಿನ ತ್ಸುಕುಬದ ಮಣ್ಣಿನ ಸೂಕ್ಷ್ಮಜೀವಿಯಿಂದ ಟ್ಯಾಕ್ರೋಲಿಮಸ್ ಸಿಕ್ಕಿತು. ಇಂದು ಹೆಚ್ಚಿನ ರೋಗಿಗಳು ತೆಗೆದುಕೊಳ್ಳುವುದು ಈ ಟ್ಯಾಕ್ರೋಲಿಮಸ್, ಜೊತೆಗೆ ಮೈಕೋಫಿನೊಲೇಟ್, ಸ್ವಲ್ಪ ಪ್ರಮಾಣದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್.

ಟ್ಯಾಕ್ರೋಲಿಮಸ್‌ನ ಸ್ವಭಾವ ಕೆರೆಯ ತೂಬಿನಂಥದು. ಕಡಿಮೆ ಬಿಟ್ಟರೆ ಗದ್ದೆ ಒಣಗುತ್ತದೆ, ಹೆಚ್ಚು ಬಿಟ್ಟರೆ ಪೈರು ಕೊಳೆಯುತ್ತದೆ, ಎರಡರ ನಡುವಿನ ಅಂತರ ಕಿರಿದು. ರಕ್ತದಲ್ಲಿ ಅದರ ಪ್ರಮಾಣ ತಗ್ಗಿದರೆ ರಿಜೆಕ್ಷನ್, ಏರಿದರೆ ಕೈ ನಡುಕ, ಸಕ್ಕರೆ, ಸೋಂಕು. ಹೆಚ್ಚಾದ ಟ್ಯಾಕ್ರೋಲಿಮಸ್ ಕಿಡ್ನಿಗೇ ಹಾನಿ ಮಾಡುತ್ತದೆ. ರೋಗಿಗಳ ಬಾಯಲ್ಲಿ ಸದಾ ಇರುವ ‘ಲೆವೆಲ್ ಎಷ್ಟು ಬಂತು’ ಎಂಬ ಪ್ರಶ್ನೆ ಇದರದ್ದೇ. ಕಸಿಯಾದ ಮೊದಲ ತಿಂಗಳುಗಳಲ್ಲಿ ಲೆವೆಲ್ ಹೆಚ್ಚಿರಬೇಕು, ಆಮೇಲೆ ಸಾಮಾನ್ಯವಾಗಿ 5ರಿಂದ 8ರ ನಡುವೆ ಇರಿಸುತ್ತಾರೆ. ನಿಖರವಾದ ಗುರಿಯನ್ನು ಪ್ರತಿ ರೋಗಿಗೂ ವೈದ್ಯರೇ ನಿಗದಿ ಮಾಡುತ್ತಾರೆ. ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಬೆಳಗಿನ ಮಾತ್ರೆಗೆ ಮೊದಲು, ಹಿಂದಿನ ಮಾತ್ರೆಯಾಗಿ ಹನ್ನೆರಡು ಗಂಟೆಗೆ. ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಬರುವ ಅಂಕಿ ದಾರಿ ತಪ್ಪಿಸುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಅಪಾಯ.

ಲೆವೆಲ್ ಅನ್ನು ಕದಲಿಸುವ ಸಂಗತಿಗಳು ನಮ್ಮ ಅಡುಗೆಮನೆ, ಮೆಡಿಕಲ್ ಶಾಪ್ ಎರಡರಲ್ಲೂ ಇವೆ. ಚಕ್ಕೋತ ಅವುಗಳಲ್ಲೊಂದು. ಟ್ಯಾಕ್ರೋಲಿಮಸ್ಸನ್ನು ಕರುಳು ಮತ್ತು ಯಕೃತ್ತಿನಲ್ಲಿ ಒಡೆಯುವ ಕಿಣ್ವವನ್ನು ಚಕ್ಕೋತ ಹಾಗೂ ಅದರ ಬಂಧು ಗ್ರೇಪ್‌ಫ್ರೂಟ್ ತಡೆಯುತ್ತವೆ. ಔಷಧ ಒಡೆಯದೆ ಉಳಿದು ಲೆವೆಲ್ ಏರುತ್ತದೆ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾದರೂ ಕಸಿಯಾದವರ ತಟ್ಟೆಗೆ ಬೇಡ. ಕ್ಲಾರಿತ್ರೊಮೈಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳು, ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೊಕೊನಜೋಲ್ ಜಾತಿಯ ಔಷಧಗಳು, ಬಿಪಿಗೆ ಕೊಡುವ ಡಿಲ್ಟಿಯಜೆಮ್ ಕೂಡ ಲೆವೆಲ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದಕ್ಕೆ ವಿರುದ್ಧ, ಲೆವೆಲ್ಲನ್ನು ಪಾತಾಳಕ್ಕೆ ಇಳಿಸುತ್ತದೆ. ಇನ್ನೊಂದು ವಿಚಿತ್ರ: ಭೇದಿಯಾದಾಗ ಮಾತ್ರೆಯೂ ಹೊರಗೆ ಹೋಗಿರಬಹುದು ಎಂದು ನಮಗೆ ಅನಿಸುತ್ತದೆ. ಆದರೆ ಭೇದಿಯಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ ಹೆಚ್ಚಾಗುವುದೇ ಸಾಮಾನ್ಯ, ಕರುಳಿನಲ್ಲಿ ಅದನ್ನು ಒಡೆಯುವ ಕೆಲಸ ಕುಂಟುವುದರಿಂದ. ಒಂದು ಕಡೆ ನೀರು ಕಳೆದು ಕಿಡ್ನಿ ಒಣಗುತ್ತದೆ, ಇನ್ನೊಂದು ಕಡೆ ಔಷಧದ ವಿಷ ಏರುತ್ತದೆ. ಎರಡು ದಿನ ಭೇದಿಯಾದರೆ ಮನೆಮದ್ದು ಮಾಡುತ್ತ ಕೂರದೆ ಕಸಿ ಕೇಂದ್ರಕ್ಕೆ ಫೋನ್ ಮಾಡಿ.

ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಎರಡು ಇದ್ದವರಿಗೇ ಅದು ತೊಂದರೆ, ಒಂದರಲ್ಲಿ ಬದುಕುವವರಿಗೆ ಕೇಳುವುದೇ ಬೇಡ. ನಾಟಿ ಔಷಧ, ಕಷಾಯ, ಭಸ್ಮಗಳ ವಿಷಯವೂ ಅಷ್ಟೇ: ಒಳಗೆ ಏನಿದೆ ಎಂದು ತಿಳಿಯದೆ ಅವುಗಳನ್ನು ಟ್ಯಾಕ್ರೋಲಿಮಸ್ ಜೊತೆ ಸೇರಿಸುವಂತಿಲ್ಲ. ಬೇರೆ ಕಂಪನಿಯ ಮಾತ್ರೆಗೆ ಬದಲಾಯಿಸುವುದಾದರೂ ವೈದ್ಯರಿಗೆ ಹೇಳಿ, ಬದಲಾದ ಮೇಲೆ ಲೆವೆಲ್ ನೋಡಿಸಬೇಕು.

ಇಷ್ಟೆಲ್ಲದರ ನಡುವೆ ಅತಿ ದೊಡ್ಡ ಅಪಾಯ ಮಾತ್ರೆ ತಪ್ಪಿಸುವುದು. ತಡವಾಗಿ ಸೋಲುವ ಕಿಡ್ನಿಗಳಲ್ಲಿ ಸುಮಾರು ಮೂರನೇ ಒಂದು ಭಾಗದ ಹಿಂದೆ ಮಾತ್ರೆ ಸರಿಯಾಗಿ ತೆಗೆದುಕೊಳ್ಳದ ಚರಿತ್ರೆ ಇರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಬೇಜವಾಬ್ದಾರಿ ಎಂದು ರೋಗಿಯನ್ನು ದೂರಿ ಮುಗಿಸುವ ವಿಷಯವಲ್ಲ ಇದು. ಐದು ವರ್ಷ ಏನೂ ಆಗದಿದ್ದವರಿಗೆ ‘ನಾನೀಗ ಆರಾಮಾಗಿದ್ದೀನಿ’ ಎನಿಸುವುದು ಸಹಜ. ಒಂದೆರಡು ದಿನ ತಪ್ಪಿದರೆ ಮೈಗೆ ಏನೂ ಗೊತ್ತಾಗುವುದಿಲ್ಲ. ಒಳಗೆ ಮಾತ್ರ ದೇಹ ಆ ಕಿಡ್ನಿಯ ವಿರುದ್ಧ ಹೊಸ ಪ್ರತಿಕಾಯಗಳನ್ನು ಮಾಡಿಕೊಳ್ಳಲು ಶುರುಮಾಡುತ್ತದೆ. ಒಮ್ಮೆ ಹುಟ್ಟಿದ ಅವುಗಳನ್ನು ಇಲ್ಲವಾಗಿಸುವುದು ಬಹಳ ಕಷ್ಟ. ಎಲ್ಲ ವಯಸ್ಸಿನವರನ್ನು ಹೋಲಿಸಿದರೆ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲಿ ಕಿಡ್ನಿ ಕಳೆದುಕೊಳ್ಳುವ ಅಪಾಯ ಅತಿ ಹೆಚ್ಚು. ಅಮ್ಮ ಕೈಗೆ ಮಾತ್ರೆ ಕೊಡುತ್ತಿದ್ದ ಹುಡುಗ ಹಾಸ್ಟೆಲ್ಲಿಗೆ ಹೋಗುತ್ತಾನೆ, ಸ್ಟೀರಾಯ್ಡಿನಿಂದ ಮುಖ ಊದಿದೆ ಎಂದು ಹುಡುಗಿ ಕನ್ನಡಿ ನೋಡಿ ಕೊರಗುತ್ತಾಳೆ, ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಫೈಲು ಬದಲಾಗುತ್ತದೆ. ಈ ವಯಸ್ಸಿನ ಮಕ್ಕಳಿರುವ ಮನೆಗಳು ಆ ಕೆಲವು ವರ್ಷ ವಿಶೇಷವಾಗಿ ಜೊತೆ ನಿಲ್ಲಬೇಕು, ಬೈದಲ್ಲ, ಮಾತಾಡಿ.

ರಿಜೆಕ್ಷನ್ ಎಂದರೆ

ನಿಮಿಷ-ಗಂಟೆಗಳಲ್ಲಿ ಆಗುವ ರಿಜೆಕ್ಷನ್ ಕ್ರಾಸ್‌ಮ್ಯಾಚ್ ಬಂದ ಮೇಲೆ ಬಹುಮಟ್ಟಿಗೆ ಮಾಯವಾಗಿದೆ. ತೀವ್ರ ರಿಜೆಕ್ಷನ್ ಮೊದಲ ತಿಂಗಳುಗಳಲ್ಲಿ ಹೆಚ್ಚು, ಮಾತ್ರೆ ತಪ್ಪಿದರೆ ಯಾವಾಗ ಬೇಕಾದರೂ ಬರಬಹುದು. ಬಿಳಿ ರಕ್ತಕಣಗಳಿಂದ ಆಗುವ ಬಗೆಯನ್ನು ಹೆಚ್ಚಿನ ಸಲ ಸ್ಟೀರಾಯ್ಡ್ ಇಂಜೆಕ್ಷನ್‌ಗಳಿಂದ ಹಿಮ್ಮೆಟ್ಟಿಸಬಹುದು. ಪ್ರತಿಕಾಯಗಳಿಂದ ಆಗುವುದು ಮೊಂಡು. ಪ್ಲಾಸ್ಮಾ ಬದಲಾವಣೆ, ಇಮ್ಯುನೊಗ್ಲಾಬ್ಯುಲಿನ್ ಎಂದು ಚಿಕಿತ್ಸೆ ಲಕ್ಷಗಳಿಗೆ ಏರುತ್ತದೆ, ಫಲ ಖಚಿತವಿಲ್ಲ. ವರ್ಷಗಟ್ಟಲೆ ನಿಧಾನವಾಗಿ ನಡೆಯುವ ದೀರ್ಘಕಾಲಿಕ ರಿಜೆಕ್ಷನ್‌ಗೆ ಇಂದಿಗೂ ಪಕ್ಕಾ ಚಿಕಿತ್ಸೆ ಇಲ್ಲ.

ರಿಜೆಕ್ಷನ್ ನೋವು ಕೊಟ್ಟೇ ಬರಬೇಕೆಂದಿಲ್ಲ. ಬಹುತೇಕರಿಗೆ ಮೊದಲ ಸುಳಿವು ಲ್ಯಾಬ್ ರಿಪೋರ್ಟಿನ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಒಂದು ಕಶ್ಮಲ. ಅದು ಏರುವ ಹೊತ್ತಿಗೆ ಹಾನಿ ಒಂದಿಷ್ಟು ಆಗಿಯೇ ಇರುತ್ತದೆ. ಇಲ್ಲಿ ಮುಖ್ಯವಾದದ್ದು ಒಂದು ದಿನದ ಅಂಕಿಗಿಂತ ಬದಲಾವಣೆ. ಸದಾ 1.1 ಇರುತ್ತಿದ್ದವರಿಗೆ 1.5 ಬಂದರೆ ‘ಅಷ್ಟೇನೂ ಜಾಸ್ತಿ ಇಲ್ಲ’ ಎಂದು ಸುಮ್ಮನಾಗಬಾರದು. ಮೂತ್ರದಲ್ಲಿ ಪ್ರೋಟೀನ್ ಕಾಣಿಸುವುದೂ ಎಚ್ಚರಿಕೆ. ಕಾರಣ ರಿಜೆಕ್ಷನ್ನೋ, ಔಷಧದ ಅಡ್ಡಪರಿಣಾಮವೋ, ವೈರಸ್ಸೋ ಎಂದು ಬೇರ್ಪಡಿಸಿ ಹೇಳುವುದು ಬಯಾಪ್ಸಿ, ಅಂದರೆ ಕಿಡ್ನಿಯ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ, ಕೆಲವು ಸಲ ಒಂದಕ್ಕೊಂದು ವಿರುದ್ಧ. ಬಯಾಪ್ಸಿ ಎಂದರೆ ಹೆದರಿ ಮುಂದೂಡಿದರೆ ಊಹೆಯ ಮೇಲೆ ಚಿಕಿತ್ಸೆ ನಡೆಯಬೇಕಾಗುತ್ತದೆ.

ಸೋಂಕು, ಸಕ್ಕರೆ, ಹೃದಯ

ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ಅದು ಕಿಡ್ನಿಯ ಮಟ್ಟಿಗೆ ಮಾತ್ರ ತಗ್ಗುವುದಿಲ್ಲ. ಮೊದಲ ತಿಂಗಳಲ್ಲಿ ಗಾಯದ, ಮೂತ್ರದ ಸೋಂಕುಗಳು. ಒಂದರಿಂದ ಆರು ತಿಂಗಳ ನಡುವೆ ಸಿಎಂವಿಯಂಥ ವೈರಸ್‌ಗಳು. ದಾನಿಯಲ್ಲಿ ಸಿಎಂವಿ ಇದ್ದು ರೋಗಿಗೆ ಹಿಂದೆಂದೂ ಬಂದಿಲ್ಲದಿದ್ದರೆ ಅಪಾಯ ಹೆಚ್ಚು. ಅದಕ್ಕೇ ಮೂರರಿಂದ ಆರು ತಿಂಗಳು ವಾಲ್‌ಗ್ಯಾನ್‌ಸಿಕ್ಲೊವಿರ್ ಮಾತ್ರೆ ಕೊಡುತ್ತಾರೆ. ಬಿಕೆ ಎಂಬ ವೈರಸ್ ನಮ್ಮಲ್ಲಿ ಬಹಳಷ್ಟು ಜನರ ದೇಹದಲ್ಲಿ ಚಿಕ್ಕಂದಿನಿಂದ ಸುಮ್ಮನೆ ಮಲಗಿರುತ್ತದೆ, ಕಸಿಯಾದವರಲ್ಲಿ ಎದ್ದು ಹೊಸ ಕಿಡ್ನಿಯನ್ನೇ ತಿನ್ನುತ್ತದೆ. ಅದಕ್ಕೆ ನೇರವಾದ ಔಷಧವಿಲ್ಲ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನೇ ಇಳಿಸಿ ದೇಹವೇ ಅದನ್ನು ಹತ್ತಿಕ್ಕಲು ಬಿಡಬೇಕು. ಇಲ್ಲಿ ವೈದ್ಯರ ಕೆಲಸ ಹಗ್ಗದ ಮೇಲಿನ ನಡಿಗೆ.

ಭಾರತದಲ್ಲಿ ಇದರ ಜೊತೆಗೆ ಕ್ಷಯವಿದೆ. ಕಸಿಯಾದವರಲ್ಲಿ ಅದು ಕೆಮ್ಮಿಲ್ಲದೆ ಬರೀ ಸಣ್ಣ ಜ್ವರವಾಗಿ, ತೂಕ ಇಳಿಯುವುದಾಗಿ ಕಾಣಿಸಿಕೊಳ್ಳಬಹುದು. ಚಿಕಿತ್ಸೆಗೆ ರಿಫಾಂಪಿಸಿನ್ ಕೊಟ್ಟರೆ ಟ್ಯಾಕ್ರೋಲಿಮಸ್ ಕುಸಿಯುತ್ತದೆ ಎಂಬುದು ಮೇಲೆಯೇ ಬಂತು. ಊರಿನ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ಶುರುವಾಗುವ ಮೊದಲೂ ‘ನನಗೆ ಕಿಡ್ನಿ ಕಸಿಯಾಗಿದೆ’ ಎಂದು ಹೇಳಿಕೊಳ್ಳಲೇಬೇಕು.

ಲಸಿಕೆಗಳನ್ನು ಆದಷ್ಟು ಕಸಿಗೆ ಮೊದಲೇ ಮುಗಿಸುವುದು ಒಳಿತು. ಹೆಪಟೈಟಿಸ್ ಬಿ ಅದರಲ್ಲಿ ಮುಖ್ಯ. ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿಯ ಬಳಿಕ ಸಾಮಾನ್ಯವಾಗಿ ಕೊಡುವುದಿಲ್ಲ. ಕಾಯಿಸಿ ಆರಿಸಿದ ನೀರು, ಬಿಸಿ ಊಟ, ಬೀದಿಬದಿಯ ಪಾನಿಪುರಿಯಿಂದ ದೂರ, ಇವು ಎಲ್ಲರಿಗೂ ಗೊತ್ತಿರುವ ಮಾತು.

ಟ್ಯಾಕ್ರೋಲಿಮಸ್ ಮತ್ತು ಸ್ಟೀರಾಯ್ಡ್ ಸೇರಿ, ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೂ ಅದನ್ನು ತರಬಹುದು. ಡಯಾಲಿಸಿಸ್‌ನ ಪಥ್ಯ ಮುಗಿದು ಹಸಿವು ತೆರೆದುಕೊಂಡಾಗ ತೂಕವೂ ಏರುತ್ತದೆ. ಬಿಪಿ, ಕೊಲೆಸ್ಟ್ರಾಲ್ ಸೇರಿದರೆ ಹೃದಯಕ್ಕೆ ಹೊರೆ. ತಂಬಾಕು ಬಿಡುವುದು, ನಡೆಯುವುದು, ಬಿಪಿ ಮನೆಯಲ್ಲೇ ನೋಡಿಕೊಳ್ಳುವುದು ಕಿಡ್ನಿಯ ಆಯುಸ್ಸನ್ನೂ ಮನುಷ್ಯನ ಆಯುಸ್ಸನ್ನೂ ಒಟ್ಟಿಗೆ ಹೆಚ್ಚಿಸುತ್ತವೆ. ಮಗುವನ್ನು ಬಯಸುವ ಹೆಣ್ಣುಮಕ್ಕಳು ಕಸಿಯಾಗಿ ಕನಿಷ್ಠ ಒಂದು ವರ್ಷ ಕಾಯಬೇಕು. ಮೈಕೋಫಿನೊಲೇಟ್ ಭ್ರೂಣಕ್ಕೆ ಹಾನಿಕರ, ಗರ್ಭ ಧರಿಸುವ ಯೋಚನೆಗೆ ಕನಿಷ್ಠ ಆರು ವಾರ ಮೊದಲೇ ವೈದ್ಯರು ಅದನ್ನು ನಿಲ್ಲಿಸಿ ಬೇರೆ ಔಷಧಕ್ಕೆ ಬದಲಿಸಬೇಕು.

ಬೇರೆ ಅಂಗಗಳಲ್ಲಿ

ಯಕೃತ್ತು ಹೆಚ್ಚು ಸಹನಶೀಲ. ಎಚ್‌ಎಲ್‌ಎ ಹೊಂದಾಣಿಕೆ ಅಷ್ಟು ಮುಖ್ಯವಾಗುವುದಿಲ್ಲ, ಕಡಿಮೆ ಪ್ರಮಾಣದ ಮಾತ್ರೆ ಸಾಕಾಗುತ್ತದೆ. ಹೃದಯದಲ್ಲಿ ದೀರ್ಘಕಾಲದ ಶತ್ರು ಹೊಸ ಹೃದಯದ ರಕ್ತನಾಳಗಳೇ ಕಿರಿದಾಗುವ ಕಾಯಿಲೆ. ಅಂತರರಾಷ್ಟ್ರೀಯ ಅಂಕಿಗಳಲ್ಲಿ ಹೃದಯ ಕಸಿಯಾದವರಲ್ಲಿ ಅರ್ಧದಷ್ಟು ಮಂದಿ ಸುಮಾರು 12 ವರ್ಷ ದಾಟುತ್ತಾರೆ. ಶ್ವಾಸಕೋಶದಲ್ಲಿ ಅದು ಸುಮಾರು 6 ವರ್ಷ: ಪ್ರತಿ ಉಸಿರಿನಲ್ಲೂ ಹೊರಗಿನ ಧೂಳು, ಸೋಂಕು ನೇರವಾಗಿ ತಾಗುವ ಅಂಗ ಅದೊಂದೇ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಕಥೆ ಬೇರೆಯೇ. ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವುದು ಕಡಿಮೆ. ರಕ್ತದ ಗುಂಪನ್ನೂ ನೋಡದೆ ಹೆಚ್ಚಿನವರಿಗೆ ಜೋಡಿಸಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಬಳಸಲು ಸಾಧ್ಯವಾಯಿತು.

ಹಣ ಮತ್ತು ದೂರ

ಅಮೆರಿಕದಲ್ಲಿ ವಯಸ್ಸಿನಿಂದಲೋ ಅಂಗವೈಕಲ್ಯದಿಂದಲೋ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಅರ್ಹರಲ್ಲದ ಕಿಡ್ನಿ ರೋಗಿಗಳಿಗೆ, ಕಸಿಯಾದ 36 ತಿಂಗಳ ಬಳಿಕ ಆ ವಿಮೆ ನಿಲ್ಲುತ್ತಿತ್ತು. ಮಾತ್ರೆ ಕೊಳ್ಳಲಾಗದೆ ಕಿಡ್ನಿ ಕಳೆದುಕೊಂಡವರಿದ್ದರು. ಅವರಿಗೆ ಮತ್ತೆ ಡಯಾಲಿಸಿಸ್ ಮಾಡಿಸುವ ವೆಚ್ಚ ಮಾತ್ರೆಗಿಂತ ಎಷ್ಟೋ ಹೆಚ್ಚು. 2023ರ ಜನವರಿಯಿಂದ ಬೇರೆ ವಿಮೆ ಇಲ್ಲದವರಿಗೆ ಈ ಮಾತ್ರೆಗಳ ಮಟ್ಟಿಗೆ ಆ ಮಿತಿ ಹೋಯಿತು. ನಮ್ಮಲ್ಲಿ ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಡಿ ಬಡರೋಗಿಗಳಿಗೆ ಮಾತ್ರೆಗೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವಿನ ಅವಕಾಶವಿದೆ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ಸಹಾಯ ಸಿಗುತ್ತದೆ. ಆಸ್ಪತ್ರೆಯ ಕಸಿ ಸಂಯೋಜಕರನ್ನು ಆಪರೇಷನ್‌ಗೆ ಮೊದಲೇ ಕೇಳಬೇಕಾದ ಪ್ರಶ್ನೆ ಇದು: ಆಪರೇಷನ್ ಖರ್ಚು ಸರಿ, ಮೂರನೇ ವರ್ಷದ ಮಾತ್ರೆಗೆ ಏನು ದಾರಿ?

ಕಸಿ ಕೇಂದ್ರಗಳು ದೊಡ್ಡ ಊರುಗಳಲ್ಲಿವೆ. ಬೀದರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಬರುವವರಿಗೆ ಪ್ರತಿ ತಪಾಸಣೆಯೂ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರ ಕೂಲಿ. ಇಂಥವರು ಮೊದಲ ವರ್ಷದ ನಂತರ ತಪಾಸಣೆಗೆ ಬರುವುದು ತಪ್ಪಿಸಿದರೆ ಅದನ್ನು ಅಸಡ್ಡೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕ್ರಿಯಾಟಿನಿನ್ನನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಮಾಡಿಸಿ ರಿಪೋರ್ಟನ್ನು ಮೊಬೈಲಿನಲ್ಲಿ ಕಳಿಸುವ ಏರ್ಪಾಡನ್ನು ವೈದ್ಯರೊಂದಿಗೆ ಮೊದಲೇ ಮಾಡಿಕೊಳ್ಳಬಹುದು.

ಕಿಡ್ನಿ ಸೋತರೆ

ಎಲ್ಲವನ್ನೂ ಸರಿಯಾಗಿ ಮಾಡಿದವರ ಕಿಡ್ನಿಯೂ ಒಂದು ದಿನ ಸೋಲಬಹುದು. ಆಗ ಡಯಾಲಿಸಿಸ್ ಇದೆ, ಎರಡನೇ ಕಸಿಯ ಅವಕಾಶವೂ ಇದೆ. ಇಲ್ಲಿ ಒಂದು ಎಚ್ಚರ. ‘ಕಿಡ್ನಿಯೇ ಹೋಯಿತಲ್ಲ’ ಎಂದು ಎಲ್ಲ ಮಾತ್ರೆಗಳನ್ನೂ ಅಂದೇ ನಿಲ್ಲಿಸಿದರೆ, ಒಳಗೇ ಇರುವ ಹಳೆಯ ಕಿಡ್ನಿಯ ವಿರುದ್ಧ ದೇಹ ಪ್ರತಿಕಾಯಗಳನ್ನು ರಾಶಿ ಹಾಕಿಕೊಳ್ಳುತ್ತದೆ. ಮುಂದೆ ಹೊಂದುವ ದಾನಿ ಸಿಗುವುದು ಕಷ್ಟವಾಗುತ್ತದೆ. ಎರಡನೇ ಕಸಿಯ ಸಾಧ್ಯತೆ ಇರುವವರಿಗೆ ವೈದ್ಯರು ಮಾತ್ರೆಗಳನ್ನು ನಿಧಾನವಾಗಿ ಇಳಿಸುತ್ತಾರೆ, ಕೆಲವನ್ನು ಮುಂದುವರಿಸುತ್ತಾರೆ. ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ಅವರೇ ಹೇಳುವವರೆಗೆ ಮಾತ್ರೆಯ ಡಬ್ಬಿಯನ್ನು ಬದಿಗಿಡಬೇಡಿ.